ಫಿಲ್ಟರಿಗೆ ಕಟ್ಟಿದ ಕಾಲುಚೀಲ

ನನ್ನ ಮಗ ಮಂಚದುದ್ದದ ಗಾಜಿನ ತೊಟ್ಟಿ ತಂದು, ಸೊಸೆಯ ಹೊಲಿಗೆ ಯಂತ್ರವನ್ನು ಬಾಲ್ಕನಿಗೆ ದೂಡಿದ. ತೊಟ್ಟಿಗೆ ಬಗೆಬಗೆಯ ಸಿಕ್ಲಿಡ್ ಮೀನುಗಳನ್ನು ಬಿಟ್ಟ. ಅವು ಮರಿ ಮಾಡಿದವು, ಆದರೆ ಮರಿಗಳು ದಿನೇ ದಿನೇ ಕಡಿಮೆಯಾದವು. ದೊಡ್ಡ ಮೀನೇ ತಿನ್ನುತ್ತಿದೆಯೆಂದು ಅದನ್ನು ಬೇರೆಯಿಟ್ಟರೂ ನಿಲ್ಲಲಿಲ್ಲ. ಆಮೇಲೆ ಅವನ ಅನುಮಾನ ಹೆಂಡತಿಯ ಮೇಲೆ ತಿರುಗಿತು. ಅವಳ ತೋಳು ಒದ್ದೆಯಾಗಿದ್ದುದನ್ನು ನಾನೂ ಒಮ್ಮೆ ಕಂಡಿದ್ದೆ. ಆದರೂ ಮಗನಿಗೆ ಹೇಳಿರಲಿಲ್ಲ.

ಇವತ್ತು ಫಿಲ್ಟರಿನ ನೀರು ಸಣ್ಣಗೆ ಬೀಳುತ್ತಿತ್ತು. ಮಗ ಕೈ ಹಾಕಿ ನೋಡಿದ. ನೀರೆಳೆಯುವ ಪೈಪಿನ ಬಾಯಿಗೆ ಅವಳ ತೆಳು ಕಾಲುಚೀಲ ಕಟ್ಟಿತ್ತು.

"ಹೊಲಿಗೆ ಮೆಷಿನ್ನಿನ ಸಿಟ್ಟು ನನ್ನ ಮೀನಿನ ಮೇಲೆ ತೀರಿಸ್ಕೋತಿದೀಯಾ?"

"ಮರಿ ನುಂಗ್ತಿದ್ದಿದ್ದು ಮೀನಲ್ಲ ರೀ, ನಿಮ್ಮ ಪೈಪು. ಮೊನ್ನೆ ಒಂದನ್ನ ಎಳ್ಕೊಂಡಿದ್ದು ನಾನೇ ನೋಡ್ದೆ. ಹೇಳಿದ್ರೆ ನಂಬ್ತಿದ್ರಾ?"

ಅವನು ಕಸ ಕಟ್ಟಿದ್ದ ಚೀಲವನ್ನು ತೊಟ್ಟಿಯದೇ ನೀರಲ್ಲಿ ಜಾಲಿಸಿ ಮತ್ತೆ ಕಟ್ಟಿದ. ಉಳಿದ ಮರಿಗಳು ಅದರ ಸುತ್ತ ಹೆದರದೆ ಈಜಿದವು.

"ಆ ಕಡೆ ಇನ್ನೊಂದು ಫಿಲ್ಟರಿನ ಪೈಪಿಗೂ ಒಂದು ಬೇಕಲ್ಲ," ಎಂದ ಮೆಲ್ಲಗೆ.

"ಮೆಷಿನ್ ಒಳಗೆ ಬರ್ಲಿ, ಅಳತೆಗೆ ಹೊಲಿದು ಕೊಡ್ತೀನಿ."

ಮಗ ಸೋಫಾ ಸರಿಸಲು ಬಂದ. ಅದರ ಮೇಲೆ ಕೂತಿದ್ದ ನಾನು ಸುಮ್ಮನೆ ಎದ್ದು ಜಾಗ ಬಿಟ್ಟೆ.