ಗುತ್ತೆವ್ವ ತುಂಬಿದ ಡಬ್ಬಿ

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಸೂಪರ್‌ವೈಸರ್ ಹುಲಿಗೇಶನ ಕೈಗೆ ಜಿಪಿಎಸ್ ಯಂತ್ರ ಬಂದ ದಿನ ಸ್ಟೇಷನ್ ರಸ್ತೆಯ ಆಟೋಗಳೆಲ್ಲ ತಾವಾಗಿಯೇ ಬದಿಗೆ ಸರಿದು ಅವನಿಗೆ ದಾರಿ ಬಿಟ್ಟವು. ಎರಡು ಸಾವಿರದ ಏಳನೆಯ ಇಸವಿ ಅದು. ಸಾಬೂನಿನ ಪೆಟ್ಟಿಗೆಯಷ್ಟು ದಪ್ಪದ ಆ ಯಂತ್ರವನ್ನು ಕಂಪನಿ ಕೊಟ್ಟದ್ದು ಮೇಡ್ಲೇರಿ ಕಡೆಯ ಬೀಜದ ಹೊಲಗಳ ನಡುವಿನ ಅಂತರ ಅಳೆಯಲಿಕ್ಕೆ. ಹುಲಿಗೇಶ ಹೇಳುವ ಪ್ರಕಾರವಾದರೋ ಆಕಾಶದ ಉಪಗ್ರಹಗಳು ಅವನನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದವು, ಅವನು ಚಹಾಕ್ಕೆ ಕೂತರೆ ತಾವೂ ತಿರುಗುವುದು ಬಿಟ್ಟು ಸುಧಾರಿಸಿಕೊಳ್ಳುತ್ತಿದ್ದವು.

ಅದೇ ಯಂತ್ರದಿಂದ ಆಟವೊಂದನ್ನು ಆಡಬಹುದೆಂದು ಅವನಿಗೆ ಗೊತ್ತಾದದ್ದು ಸೈಬರ್ ಕೆಫೆಯಲ್ಲಿ. ಜಿಯೋಕ್ಯಾಶಿಂಗ್ ಎಂದು ಅದರ ಹೆಸರು. ದೇಶ ದೇಶಗಳ ಜನ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ವೆಬ್‌ಸೈಟಿಗೆ ಹಾಕುತ್ತಾರೆ. ಬೇರೆಯವರು ಯಂತ್ರ ಹಿಡಿದು ಹುಡುಕಿಕೊಂಡು ಬರುತ್ತಾರೆ. ಸಿಕ್ಕರೆ ಡಬ್ಬಿಯೊಳಗಿನ ಒಂದು ವಸ್ತು ತೆಗೆದುಕೊಂಡು, ಅದಕ್ಕೆ ಸಮನಾದ ಇನ್ನೊಂದನ್ನು ಇಟ್ಟು, ಮುಚ್ಚಿ ಹೋಗುತ್ತಾರೆ. ಹುಲಿಗೇಶ ನಕ್ಷೆ ತೆಗೆದು ನೋಡಿದ. ಹಾವೇರಿ ಜಿಲ್ಲೆ ಸಾರಿಸಿದ ಅಂಗಳದಂತೆ ಖಾಲಿ ಬಿದ್ದಿತ್ತು.

ಮುಂದಿನ ಭಾನುವಾರವೇ ಅವನ ಬೈಕು ಗುತ್ತಲ ದಾಟಿ, ಧೂಳು ಏಳುವ ಮೊದಲೇ ತಾನು ಮುಂದೆ ಹೋಗಿ, ವರದೆಯೂ ತುಂಗಭದ್ರೆಯೂ ಕೂಡುವ ಗಳಗನಾಥದಲ್ಲಿ ನಿಂತಿತು. ಅವನು ಆಡಿ ಬೆಳೆದ ಊರು, ಚಿಕ್ಕಮ್ಮ ಗುತ್ತೆವ್ವನ ಊರು. ಗುಡಿಯ ಹತ್ತಿರ ಡಬ್ಬಿ ಇಡಬಾರದೆಂಬ ನಿಯಮವಿತ್ತು. ಹಾಗಾಗಿ ದೂರದಲ್ಲಿ, ಹೊಳೆದಂಡೆಯ ಹುಣಸೆ ಮರದ ಪೊಟರೆಯಲ್ಲಿ ಬೀಜದ ಸ್ಯಾಂಪಲ್ಲಿನ ಪ್ಲಾಸ್ಟಿಕ್ ಡಬ್ಬಿ ಕೂರಿಸಿದ. ಒಳಗೆ ಗಾಜಿನ ಬಳೆ, ಗೋಲಿ, ಬುಗುರಿ, ಕೀಲಿಗೊಂಚಲು, ಅಂಗೈಯಗಲದ ಒಂದು ಮಣ್ಣಿನ ಬಸವಣ್ಣ. ಎಲ್ಲವೂ ನಿಯಮದ ಪ್ರಕಾರ. ನಿಯಮದಲ್ಲಿ ಬೇಡವೆಂದದ್ದು ಬಹಳವಿತ್ತು: ತಿನ್ನುವ ಪದಾರ್ಥ ಬೇಡ, ಚಾಕು ಬೇಡ, ಬೆಂಕಿಪೊಟ್ಟಣ ಬೇಡ, ಗುಳಿಗೆ ಔಷಧ ಬೇಡ, ತಂಬಾಕು ಸಾರಾಯಿ ಕೇಳಲೇಬೇಡಿ.

ವೆಬ್‌ಸೈಟಿನ ನಕ್ಷೆಯಲ್ಲಿ ಗಳಗನಾಥದ ಮೇಲೆ ಚುಕ್ಕಿ ಮೂಡಿದಾಗ ಹುಲಿಗೇಶ ಪರದೆಯ ಮೇಲೆ ಬೆರಳಿಟ್ಟು ಅದನ್ನು ಮುಟ್ಟಿ ನೋಡಿದ. ಜೀವಮಾನದಲ್ಲಿ ಅವನು ಹೇಳಿದ ಯಾವ ಮಾತನ್ನೂ ಯಾರೂ ಪೂರ್ತಿ ನಂಬಿದವರಲ್ಲ. ಹೊಳೆಯಲ್ಲಿ ಎತ್ತಿನಷ್ಟು ಮೀನು ಹಿಡಿದದ್ದನ್ನು ನಂಬಲಿಲ್ಲ, ಚಿರತೆಗೆ ಲಿಫ್ಟ್ ಕೊಟ್ಟದ್ದನ್ನಂತೂ ಕೇಳಲೂ ಇಲ್ಲ. ಈ ಚುಕ್ಕಿಯೊಂದೇ ಯಾರು ಬೇಕಾದರೂ ಬಂದು ಮುಟ್ಟಿ ನೋಡಬಹುದಾದ ಅವನ ಮಾತು.

ಡಬ್ಬಿಯ ಸುದ್ದಿಯನ್ನು ಅವನು ಹಾವೇರಿಗೆ, ಬ್ಯಾಡಗಿಗೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆಲ್ಲ ಹೇಳಿದ. ಹೇಳದೆ ಉಳಿದದ್ದು ಗಳಗನಾಥದವರಿಗೆ ಮಾತ್ರ. ಊರವರಿಗೆ ಗೊತ್ತಾದರೆ ಬಚ್ಚಿಟ್ಟ ಹಾಗಾಗುತ್ತದೆಯೇ?

ತಿಂಗಳು ಬಿಟ್ಟು ಬಂದು ನೋಡಿದ. ಕೀಲಿಗೊಂಚಲು ಮಾಯವಾಗಿ ಅದರ ಜಾಗದಲ್ಲಿ ಬೀಡಿ ಕಟ್ಟೊಂದಿತ್ತು. ಅಲ್ಲೇ ಕುರಿ ಮೇಯಿಸುತ್ತಿದ್ದ ಡಾಕಪ್ಪ ಉಡದಾರಕ್ಕೆ ಅದೇ ಗೊಂಚಲು ಸಿಕ್ಕಿಸಿಕೊಂಡಿದ್ದ.

"ಒಂದ ತಗೊಂಡೆ, ಒಂದ ಇಟ್ಟೇನಿ," ಅಂದ ಡಾಕಪ್ಪ. "ಪುಕ್ಕಟ ಒಯ್ಯೂ ಮನಶ್ಯಾ ಅಲ್ಲಪಾ ನಾ."

ಬೀಡಿ ಇರಲಿ. ಡಬ್ಬಿಯ ತುಂಬ ಶೇಂಗಾ ಉಂಡಿ ಇದ್ದವು. ಬಸವಣ್ಣ ಬೆಲ್ಲದಲ್ಲಿ ಮೊಣಕಾಲ ತನಕ ಹೂತುಹೋಗಿದ್ದ. ಗಳಗನಾಥದ ಇರುವೆಗಳೆಲ್ಲ, ಹೊಳೆಯಾಚೆಯ ಬೀಗರನ್ನೂ ಕರೆಸಿಕೊಂಡು, ಅಲ್ಲಿ ಮದುವೆಯ ಪಂಗತಿ ಕೂತಿದ್ದವು. ಹುಲಿಗೇಶ ಒಂದು ಉಂಡಿ ಕೊಡವಿ ಬಾಯಿಗೆ ಹಾಕಿಕೊಂಡ. ಏಲಕ್ಕಿಯ ಜೊತೆ ಒಂದು ಚೂರು ಒಣಶುಂಠಿ. ಜಗತ್ತಿನಲ್ಲಿ ಶೇಂಗಾ ಉಂಡಿಗೆ ಶುಂಠಿ ಹಾಕುವ ಕೈ ಒಂದೇ.

ಗುತ್ತೆವ್ವ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು. ಅವಳ ಕೌದಿ ಹೊದ್ದವರು ಚಳಿಗಾಲ ಬಂದದ್ದನ್ನು ಬೇಸಿಗೆಯಲ್ಲಿ ಕೇಳಿ ತಿಳಿಯುತ್ತಿದ್ದರು.

"ಚಿಗವ್ವಾ, ಹುಣಸಿ ಗಿಡದಾಗಿನ ಡಬ್ಬಿಗೆ ಉಂಡಿ ತುಂಬಿದಾಕಿ ನೀನ ಹೌದಲ್ಲ?"

"ಹೌದು. ಹುಣಸಿಹಣ್ಣ ಆರಸಾಕ ಹೋದಾಗ ಕಂಡ್ತು. ಯಾರೋ ದೂರದವರು ಮರತ ಹೋಗ್ಯಾರ. ಬಳಿ, ಬಸವಣ್ಣ ಎಲ್ಲಾ ಇಟ್ಟಾರ, ತಿನ್ನಾಕ ಏನೂ ಇಲ್ಲ. ಬಂದವರು ತಗದ ನೋಡಿದ್ರ ಈ ಊರಾಗ ಹೆಣ್ಣಮಕ್ಕಳ ಇಲ್ಲೇನು ಅಂದಾರು."

"ಅದು ನಂದ ಡಬ್ಬಿ. ತಿನ್ನೂದು ಇಡಬಾರದು ಅಂತ ಕಾನೂನ ಐತಿ."

ಗುತ್ತೆವ್ವ ಸೂಜಿ ನಿಲ್ಲಿಸಿದಳು. "ಮಂದಿ ಡಬ್ಬಿ ಕೈಗೆ ಬಂದ್ರ ಬರೇದ ಹೊಳ್ಳಿ ಕೊಡಬಾರದು. ಏನೂ ಇಲ್ಲಂದ್ರ ನಾಕ ಕಾಳ ಸಕ್ರಿ ಹಾಕಿ ಕೊಡ್ತೇವಿ. ನಿನಗ ಕಲಿಸಿಲ್ಲೇನ ನಾನು?"

ಕಲಿಸಿದ್ದಳು. ಚಿಕ್ಕವನಿದ್ದಾಗ ಓಣಿಯ ತುಂಬ ಡಬ್ಬಿಗಳನ್ನು ಹೊತ್ತು ತಿರುಗಿದವನು ಅವನೇ. ಆ ಓಣಿಯಲ್ಲಿ ಒಂದು ಡಬ್ಬಿ ಒಮ್ಮೆ ಮನೆ ಬಿಟ್ಟರೆ ಚುರಮುರಿಯಾಗಿ ಹೋಗಿ, ಉಪ್ಪಿನಕಾಯಿಯಾಗಿ ಬಂದು, ಹೋಳಿಗೆಯಾಗಿ ಹೋಗಿ, ಮೂರು ತಲೆಮಾರು ತಿರುಗಿದರೂ ಖಾಲಿಯಾದದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಹುಲಿಗೇಶ ಅವಳಿಂದ ಮಾತು ತೆಗೆದುಕೊಂಡ. ಮಾತು ಹದಿನೈದು ದಿನವೂ ಬಾಳಲಿಲ್ಲ. ಹಬ್ಬ ಬಂತೆಂದು ಕರ್ಚಿಕಾಯಿ ಹೋದವು, ಮಳೆ ಬಂತೆಂದು ಹುರಿದ ಕಡಲೆ ಹೋಯಿತು. ಇರುವೆಗಳ ಹಿಂದೆ ಮಂಗಗಳೂ ಬಂದವು.

ಆಗ ಹುಲಿಗೇಶ ಒಂದು ಉಪಾಯ ಮಾಡಿದ. ಬ್ಯಾಡಗಿಗೆ ಹೋದ. ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಆಕಾಶ ಎಷ್ಟು ಕೆಂಪಾಗಿರುತ್ತದೆಂದರೆ ಸೂರ್ಯ ಏಳುತ್ತಿದ್ದಾನೋ ಮುಳುಗುತ್ತಿದ್ದಾನೋ ತಿಳಿಯದೆ ಕೋಳಿಗಳು ದಿನವಿಡೀ ಕೂಗುತ್ತವೆ. ಅಲ್ಲಿ ದಲಾಲಿ ಅಂಗಡಿಯೊಂದರಲ್ಲಿ ಕಾಯಿ ಆರಿಸುವ ಕೆಲಸದ ಗೆಳೆಯ ಅಬ್ದುಲರಜಾಕನನ್ನು ಕಂಡು, ಇರುವೆ ಮಂಗ ಎರಡೂ ಓಡಿಹೋಗುವಂಥ ಖಾರದಪುಡಿ ಕೇಳಿದ.

"ಖಾರ ಬೇಕಂದ್ರ ಗುಂಟೂರು ಕಾಯಿ ಒಯ್ಯಿ ದೋಸ್ತ. ನಮ್ದು ಬಣ್ಣಕ್ಕ ಹೆಸರಾದದ್ದು. ಮಂಗ್ಯಾ ತಿಂದು ಇನ್ನೊಂದ ಮುಷ್ಟಿ ಕೇಳ್ತೈತಿ."

"ಬ್ಯಾಡಗಿ ಹೆಸರ ಕೇಳಿದ್ರ ಹುಲಿ ಓಡ್ತಾವ. ಇರಿವಿ ಯಾವ ಲೆಕ್ಕ?"

"ಹುಲಿಗಿ ಕಿವಿ ಅದಾವ," ಅಂದ ಅಬ್ದುಲರಜಾಕ, ಪುಡಿ ಕಟ್ಟಿಕೊಡುತ್ತ. "ಇರಿವಿಗಿ ಹೆಸರ ಯಾರ ಹೇಳಬೇಕು?"

ಹುಲಿಗೇಶ ಡಬ್ಬಿಯ ಒಳಗೂ ಹೊರಗೂ ಧಾರಾಳವಾಗಿ ಪುಡಿ ಎರಚಿದ. ಕರ್ಚಿಕಾಯಿಯ ಎಣ್ಣೆಗೆ ಬ್ಯಾಡಗಿಯ ಬಣ್ಣ ಕೂಡಿತು. ಒಂದು ವಾರದಲ್ಲಿ ಬಳೆ ಕೆಂಪು, ಬುಗುರಿ ಕೆಂಪು, ಬಸವಣ್ಣ ಕೋಡಿನಿಂದ ಬಾಲದ ತನಕ ಕೆಂಪು. ಇರುವೆಗಳೂ ಕೆಂಪಾದವು, ಜಾಗ ಮಾತ್ರ ಬಿಡಲಿಲ್ಲ.

ಅದೇ ವಾರ ಮೊದಲ ಬಾರಿಗೆ ಹೊರಗಿನವರು ಡಬ್ಬಿ ಹುಡುಕಿ ಬಂದರು. ಪುಣೆಯ ಗಂಡ ಹೆಂಡತಿ. ಅವರು ವೆಬ್‌ಸೈಟಿನಲ್ಲಿ ಬರೆದದ್ದನ್ನು ಹುಲಿಗೇಶ ಸೈಬರಿನಲ್ಲಿ ಓದಿದ: ಜಾಗ ಸುಂದರ, ನದಿ ಸುಂದರ, ಡಬ್ಬಿಯಲ್ಲಿ ಹಳಸಿದ ಸಿಹಿತಿಂಡಿ, ಬೀಡಿ, ಇರುವೆ, ಕೈಗೆ ಹತ್ತಿದ ಕೆಂಪು ಪುಣೆ ಮುಟ್ಟಿದರೂ ಹೋಗಲಿಲ್ಲ. ಅದರ ಬೆನ್ನಿಗೇ ವೆಬ್‌ಸೈಟಿನವರ ಪತ್ರ ಬಂತು. ಧಾರವಾಡದಲ್ಲಿ ಈ ಆಟ ಆಡುವವರೊಬ್ಬರು ಬರುವ ಭಾನುವಾರ ಬಂದು ನೋಡುತ್ತಾರೆ. ಡಬ್ಬಿಯಲ್ಲಿ ಮತ್ತೆ ತಿನ್ನುವ ವಸ್ತು ಕಂಡರೆ ನಕ್ಷೆಯಿಂದ ಗಳಗನಾಥವನ್ನು ತೆಗೆಯುತ್ತಾರೆ.

ಹುಲಿಗೇಶ ಶನಿವಾರವೇ ಗಳಗನಾಥಕ್ಕೆ ಬಂದ. ಡಬ್ಬಿ ತೊಳೆದ, ಬಸವಣ್ಣನನ್ನು ತಿಕ್ಕಿದ. ಬಸವಣ್ಣ ಗುಲಾಲಾಡಿದವನ ಹಾಗೆ ಗುಲಾಬಿಯಾಗಿ ಉಳಿದ. ಮನೆಗೆ ಬಂದರೆ ಗುತ್ತೆವ್ವ ಒಲೆಯ ಮುಂದೆ ಬೆಲ್ಲದ ಪಾಕ ಹಿಡಿದು ಕೂತಿದ್ದಳು.

"ನಾಳೆ ಯಾರೋ ಬರ್ತಾರಂತಲ್ಲ," ಅಂದಳು.

"ಚಿಗವ್ವಾ, ನಿನ್ನ ಕಾಲಿಗಿ ಬೀಳ್ತೇನಿ. ನಾಳೆ ಒಂದ ಉಂಡಿ ಸಿಕ್ರೂ ನಮ್ಮೂರಿನ ಚುಕ್ಕಿ ಅಳಸ್ತಾರ."

"ನನ್ನ ಉಂಡ್ಯಾಗ ಏನ ಹೊಲಸ ಐತಿ?"

"ನಿನ್ನ ಉಂಡಿ ಅಮೃತ ಐತಿ. ಆದ್ರ ಬಂದವರ ಬಾಯಿಗಿ ಹೋಗೂಮುಂಚೆ ಇರಿವಿ ಬಾಯಿಗಿ ಹೋಗ್ತೈತಿ. ಪುಣೇದವರು ಹಸಗೊಂಡ ಹ್ವಾದ್ರು."

ಗುತ್ತೆವ್ವನ ಕೈಯ ಸೌಟು ನಿಂತಿತು. ಕಾನೂನು, ಚುಕ್ಕಿ, ಪತ್ರ ಯಾವುದೂ ಅವಳನ್ನು ತಾಗಿರಲಿಲ್ಲ. ಇದು ತಾಗಿತು. "ಹಸಗೊಂಡ ಹ್ವಾದ್ರಾ?" ಅಂದು ಪಾಕವನ್ನು ಒಲೆಯಿಂದ ಇಳಿಸಿದಳು.

ಸಂಜೆ ಅವನ ಅಂಗಿಯ ಹರಿದ ತೋಳಿಗೆ ಹೊಲಿಗೆ ಹಾಕುವಾಗ ಕಿಸೆಯಿಂದ ಹಿತ್ತಾಳೆಯ ಬಿಲ್ಲೆಯೊಂದು ಅವಳ ಮಡಿಲಿಗೆ ಬಿತ್ತು.

"ಇದೇನಿದು?"

"ರಾಣೆಬೆನ್ನೂರ ಖಾನಾವಳಿ ಬಿಲ್ಲೆ. ಇದ ಕೊಟ್ರ ತಾಟ ಹಚ್ಚತಾರ."

"ಇದನ್ನ ಇರಿವಿ ತಿಂತಾವೇನು?"

"ಹಿತ್ತಾಳಿ ಯಾವ ಇರಿವಿ ತಿಂತೈತಿ?"

ಗುತ್ತೆವ್ವ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದಳು. ಆಮೇಲೆ ಚಿಂದಿಯ ಗಂಟು ಬಿಚ್ಚಿ, ಹಳೆಯ ಖಣದ ಕೆಂಪು ತುಂಡೊಂದನ್ನು ಆರಿಸಿ, ಕತ್ತರಿ ಹಿಡಿದಳು. ದೀಪ ಹಚ್ಚುವ ಹೊತ್ತಿಗೆ ಅವಳ ಅಂಗೈಯಲ್ಲಿ ಬಟ್ಟೆಯ ಮೆಣಸಿನಕಾಯಿಯೊಂದು ಮಲಗಿತ್ತು. ಬ್ಯಾಡಗಿ ಕಾಯಿಯ ಹಾಗೆಯೇ ಮೈತುಂಬ ಸುಕ್ಕು, ತುದಿಗೆ ಹಸಿರು ತೊಟ್ಟು. ಅಬ್ದುಲರಜಾಕ ಕಂಡಿದ್ದರೆ ಮೊದಲ ದರ್ಜೆಯ ರಾಶಿಗೆ ಎಸೆಯುತ್ತಿದ್ದ.

"ಬರಿ ಈಗ," ಅಂದಳು ಗುತ್ತೆವ್ವ. "ಡಬ್ಬಿ ಮುಚ್ಚಳದಾಗ ಬಣ್ಣದಲೆ ಬರಿ. ಹಸದಾವ್ರು ಈ ಮೆಣಸಿನಕಾಯಿ ಹಿಡಕೊಂಡು ಹಸರ ಬಾಗಲದ ಗುತ್ತೆವ್ವನ ಮನಿಗಿ ಬರ್ರಿ ಅಂತ. ಡಬ್ಬಿಗಿ ಉಣಸಬ್ಯಾಡ ಅಂದ್ರ ಬಿಟ್ಟೆ. ಮಂದಿಗಿ ಉಣಸಬ್ಯಾಡ ಅನ್ನಾಕ ಅವರ‍್ಯಾರು?"

ಭಾನುವಾರ ಗುತ್ತೆವ್ವನ ಮನೆಯಿಂದ ಎದ್ದ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎರಡೂ ಹೊಳೆಗಳು ತಾಳ ಹಾಕಿದವು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಸಿದ್ಧವಾದವು. ಡಬ್ಬಿಯ ಹತ್ತಿರ ಸುಳಿಯಕೂಡದೆಂದು ತನಗೆ ತಾನೇ ಆಣೆ ಹಾಕಿಕೊಂಡ ಹುಲಿಗೇಶ ಕಟ್ಟೆಯ ಮೇಲೆ ಕೂತ. ಸ್ಕೂಟಿಯೊಂದು ಹೊಳೆಯ ಕಡೆ ಹೋದದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಅದೇ ಸಪ್ಪಳ ಹೊಳೆಯಿಂದ ಬಂದು, ಓಣಿಗೆ ತಿರುಗದೆ, ನೇರ ಹೋಗಿಬಿಟ್ಟಿತು.

"ಹ್ವಾದ್ರಲ್ಲೋ," ಅಂದಳು ಗುತ್ತೆವ್ವ ಹೊಸ್ತಿಲಲ್ಲಿ ನಿಂತು. ಬೆಳಗಿನಿಂದ ಉಂಡಿರಲಿಲ್ಲ ಅವಳು. ಹುಲಿಗೇಶನ ಬಾಯಿಗೆ ಹೇಳಲು ಒಂದು ಸುಳ್ಳೂ ಬರಲಿಲ್ಲ.

ರೊಟ್ಟಿ ಆರುತ್ತಿದ್ದವು. ಗುತ್ತೆವ್ವ ಬುಟ್ಟಿಗೆ ಬಟ್ಟೆ ಮುಚ್ಚಿದಳು.

ಮತ್ತೆ ಸ್ಕೂಟಿ ಸಪ್ಪಳ. ಗುಡಿ ನೋಡಿಕೊಂಡು ಹೊರಳಿ ಬಂದ ಹೆಣ್ಣುಮಗಳೊಬ್ಬಳು ಹಸಿರು ಬಾಗಿಲ ಮುಂದೆ ಇಳಿದಳು. ಕುತ್ತಿಗೆಗೆ ಯಂತ್ರ ತೂಗುತ್ತಿತ್ತು, ಕೈಯಲ್ಲಿ ಕೆಂಪು ಮೆಣಸಿನಕಾಯಿ ಇತ್ತು.

"ನಾನು ಬೇನಜೀರ ಅಂತ, ಧಾರವಾಡದಾಗ ಕಾಲೇಜಿನ್ಯಾಗ ಪಾಠಾ ಮಾಡ್ತೇನಿ. ಗುತ್ತೆವ್ವಾರ ಮನಿ ಇದಽ ಏನ್ರಿ?"

"ಇದಽ ಯವ್ವಾ. ಕೈಕಾಲ ತೊಳಕೊಂಡ ಬಾ."

ಬೇನಜೀರ ಕೂರುವ ಮೊದಲು ಮೆಣಸಿನಕಾಯಿಯನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದಳು. "ಇದರೊಳಗ ಏನ ತುಂಬೀರಿ ಅವ್ವಾರ? ಕಾಳ ಇದ್ದಂಗೈತಿ."

ಹುಲಿಗೇಶನ ಜೀವ ಹಾರಿ ಹುಣಸೆ ಮರ ಹತ್ತಿ ಕೂತಿತು. ಒಳಗೇನಿದೆಯೆಂದು ಅವನು ಕೇಳಿಯೇ ಇರಲಿಲ್ಲ.

"ಮದಲ ಜ್ವಾಳಾ ತುಂಬಿದ್ದೆ," ಅಂದಳು ಗುತ್ತೆವ್ವ. "ಹೊಟ್ಟಿ ತುಂಬಿರಲಿ ಅಂತ. ಆಮ್ಯಾಲ ಇಂವನ ಮಾರಿ ನೋಡಿ ಬಿಚ್ಚಿ ತಗದೆ. ಈಗ ಇರೂದು ಹಳೀ ಗಾಜಿನ ಮಣಿ, ನನ್ನ ಹರದ ಸರದ್ದು. ಬೇಕಂದ್ರ ಹೊಲಿಗಿ ಬಿಚ್ಚಿ ನೋಡ."

ಬೇನಜೀರ ಬಿಚ್ಚಲಿಲ್ಲ. ಉಣ್ಣಲು ಕೂತಳು. ಎರಡು ರೊಟ್ಟಿಯಾದ ಮೇಲೆ, "ಡಬ್ಬಿ ಚೊಕ್ಕ ಐತ್ರಿ," ಅಂದಳು ಹುಲಿಗೇಶನಿಗೆ. "ಆ ಗುಲಾಬಿ ಬಸವಣ್ಣನ್ನ ನಾ ತಗೊಂಡೇನಿ, ಒಂದ ಬಣ್ಣದ ಪೆನ್ಸಿಲ್ ಪೆಟಗಿ ಇಟ್ಟೇನಿ. ಚುಕ್ಕಿ ಎಲ್ಲಿಗೂ ಹೋಗೂದಿಲ್ಲ, ಚಿಂತಿ ಬಿಡ್ರಿ." ಮೂರನೆಯ ರೊಟ್ಟಿಗೆ ಕೈ ಹಾಕುತ್ತ ಗುತ್ತೆವ್ವನ ಕಡೆ ತಿರುಗಿದಳು. "ಅವ್ವಾರ, ಒಂದ ಕೇಳ್ಲಿ? ಡಬ್ಬ್ಯಾಗಿನ ಸಾಮಾನು ಊರಿಂದ ಊರಿಗಿ ಹೋಗ್ತಾವ. ಈ ಮೆಣಸಿನಕಾಯಿ ನಾ ಗೋವಾದ ಡಬ್ಬ್ಯಾಗ ಹಾಕ್ಲಿ? ಅಲ್ಲಿಂದ ಯಾರರೆ ಇನ್ನೂ ದೂರ ಒಯ್ದಾರು. ಆದ್ರ ಎಲ್ಲಿಂದ ಯಾರ ಹಿಡಕೊಂಡ ಬಂದ್ರೂ ನೀವು ಉಣ್ಣಾಕ ಹಾಕಬೇಕಾಗ್ತೈತಿ."

"ಬರ್ಲಿ ತಗೋ. ಎದ್ದ ಮ್ಯಾಲ ರೊಟ್ಟಿ ಬಡಿಯೂದ ಏನ ತಪ್ಪೂದಿಲ್ಲ."

ಹೊರಡುವಾಗ ಬೇನಜೀರಳ ಖಾಲಿ ಊಟದ ಡಬ್ಬಿ ಗುತ್ತೆವ್ವನ ಕಣ್ಣಿಗೆ ಬಿತ್ತು. ಅದು ಖಾಲಿಯಾಗಿ ಧಾರವಾಡ ಸೇರಲಿಲ್ಲ. ಮುಚ್ಚಳ ಕೂರಲೊಲ್ಲದೆ ಎದ್ದು ನಿಂತಿತ್ತು, ಶುಂಠಿಯ ವಾಸನೆ ಹಾವೇರಿಯ ತನಕ ಸ್ಕೂಟಿಯ ಬೆನ್ನು ಹತ್ತಿ ಓಡಿತು.

ಧೂಳು ಕುಳಿತ ಮೇಲೆ ಗುತ್ತೆವ್ವ ತನ್ನ ತಾಟಿಗೆ ರೊಟ್ಟಿ ಹಾಕಿಕೊಂಡು ಕೇಳಿದಳು. "ಅಲ್ಲೋ ತಮ್ಮಾ, ಇಂಥಾ ಡಬ್ಬಿ ಜಗತ್ತಿನ್ಯಾಗ ಎಷ್ಟ ಅದಾವ?"

"ಲಕ್ಷಗಟ್ಟಲೆ ಅದಾವ ಚಿಗವ್ವಾ," ಅಂದ ಹುಲಿಗೇಶ. ಅದು ಅಕ್ಷರಶಃ ಖರೆ.

ಗುತ್ತೆವ್ವ ಅವನ ಮುಖ ನೋಡಿದಳು. ಎಂದಿನಂತೆ ಅವನ ಮಾತಿನಲ್ಲಿ ಸೋಸಬೇಕಾದಷ್ಟನ್ನು ಸೋಸಿದಳು. "ಒಂದ ಇಪ್ಪತ್ತ ಇದ್ದಾವು," ಅಂದು, ಊಟ ಮುಗಿಸಿ, ಉಳಿದ ಖಣದ ತುಂಡುಗಳನ್ನು ಮಡಿಲಿಗೆ ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದಳು.