ಕೊಕ್ಕರೆ ಬಿಸಿನೀರಮನೆಯನ್ನು ತುಳಿಯಬೇಕಿದ್ದ ದೈತ್ಯ

ಮಗಳನ್ನು ಕೊಡಬೇಕಾದರೆ ಹುಡುಗನಿಗೆ ಸ್ವಂತ ಮನೆ ಇರಬೇಕು ಎನ್ನುವ ಅಪ್ಪಂದಿರನ್ನು ಕಂಡಿದ್ದೇನೆ. ನನ್ನಪ್ಪ ಕುರಾಮೊಚಿ ಇಸಾಬುರೊ ಕೇಳಿದ್ದೇ ಬೇರೆ. ಹುಡುಗ ನಮ್ಮ ಮನೆಯನ್ನು ತುಳಿದು ಪುಡಿಪುಡಿ ಮಾಡಬೇಕಂತೆ.

ಹುಡುಗನ ಹೆಸರು ಗೆಂಪೇ. ಸಿನಿಮಾ ಸ್ಟುಡಿಯೋದಲ್ಲಿ ರಬ್ಬರಿನ ದೈತ್ಯವೇಷದೊಳಗೆ ಹೊಕ್ಕು, ಮೊಣಕಾಲೆತ್ತರದ ಪಟ್ಟಣಗಳನ್ನು ತುಳಿಯುವುದು ಅವನ ಕಸುಬು. ವೇಷ ಕಳಚಿದರೆ ಬೆವರನ್ನು ಚೊಂಬಿನಲ್ಲಿ ಹಿಡಿಯಬಹುದಿತ್ತು. ಹಾಗಾಗಿ ಸಂಜೆಯಾದರೆ ನೆಟ್ಟಗೆ ಟೋಕಿಯೋದ ನಮ್ಮ ಬೀದಿಗೆ, ಅಪ್ಪನ ‘ಕೊಕ್ಕರೆ ಬಿಸಿನೀರಮನೆ’ಗೆ ಸ್ನಾನಕ್ಕೆ ಬರುತ್ತಿದ್ದ. ಬಾಗಿಲಲ್ಲಿ ಒಂಟಿಗಾಲಲ್ಲಿ ನಿಂತು ಎಡಗಾಲಿನ ಮರದ ಚಪ್ಪಲಿ ಒದರುವುದು, ಆಮೇಲೆ ಬಲಗಾಲಿನದು, ಆಮೇಲೆ ನೀಲಿ ಪರದೆಯ ಕೆಳಗೆ ತಲೆ ಬಗ್ಗಿಸುವುದು. ಒಳಗೆ ಗಲ್ಲಾದ ಮೇಲೆ ಕೂತಿರುತ್ತಿದ್ದವಳು ನಾನು, ಫುಸಾ. ಅವನು ದಿನಾ ಸೋಪು ಮರೆತು ಬರುತ್ತಿದ್ದ, ನಾನು ಕೊಡುತ್ತಿದ್ದೆ. ಇಷ್ಟು ಸಾಕಲ್ಲ.

ಆ ಕಾಲಕ್ಕೆ ದೈತ್ಯ ತುಳಿಯದ ಊರು ಊರೇ ಅಲ್ಲ. ಒಸಾಕಾದವರು ತಮ್ಮ ಕೋಟೆ ತೆರೆಯ ಮೇಲೆ ಬಿದ್ದದ್ದನ್ನು ಮೊಮ್ಮಗ ಹುಟ್ಟಿದ ಸುದ್ದಿಯಂತೆ ಹೇಳಿಕೊಂಡು ತಿರುಗುತ್ತಿದ್ದರು. ಅಪ್ಪನಿಗೆ ಹೊಟ್ಟೆಯುರಿ.

“ಆ ಕೋಟೇಲಿ ಅಂಥದ್ದೇನಿದೆ? ಒಂದು ಹಂಡೆ ಬಿಸಿನೀರಾದ್ರೂ ಇದೆಯಾ?” ಎನ್ನುತ್ತಿದ್ದ.

ಗೆಂಪೇ ನನ್ನನ್ನು ಕೇಳಲು ಬಂದ ದಿನ ಅಪ್ಪ ಷರತ್ತು ಹಾಕಿದ. “ನೋಡಯ್ಯ, ಮುಂದಿನ ಚಿತ್ರದಲ್ಲಿ ನಿಮ್ಮ ದೈತ್ಯ ನಮ್ಮ ಬೀದಿಗೆ ಬರ್ತಾನಂತೆ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ನಮ್ಮನೆ ತುಳಿ, ಮಗಳನ್ನ ಕೊಡ್ತೀನಿ. ಆ ಹಿಕೊಜೊ ಮನೆ ತುಳಿದು ನಮ್ಮದು ಬಿಟ್ಟೆಯೋ, ಅವನ ಮಗಳನ್ನೇ ಮಾಡ್ಕೊ.”

“ಅವರಿಗೆ ಮಗಳಿಲ್ಲವಲ್ಲ.”

“ಅದು ನಿನ್ನ ಹಣೆಬರಹ.”

ಹಿಕೊಜೊ ಎಂದರೆ ರೈಲುಹಳಿಯ ಆಚೆಗಿದ್ದ ‘ಆಮೆ ಬಿಸಿನೀರಮನೆ’ಯ ಯಜಮಾನ. ಅವನಿಗೂ ಅಪ್ಪನಿಗೂ ಎಣ್ಣೆ ಸೀಗೇಕಾಯಿ.

ಸ್ಟುಡಿಯೋದಲ್ಲಿ ಮಾದರಿ ಮನೆಗಳನ್ನು ಮಾಡುವವರ ತಲೆಯನ್ನು ಅಪ್ಪ ದಿನಾ ಹೋಗಿ ತಿಂದ. ಹೆಂಚು ಸರಿಯಿಲ್ಲ, ಹೊಗೆಗೊಳವೆ ಸೊಟ್ಟಗಿದೆ. ಬಾಗಿಲ ಪರದೆಯನ್ನು ಕಾಗದದಲ್ಲಿ ಮಾಡಿದ್ದನ್ನು ಕಂಡು ಕೆಂಡವಾದ. ಮನೆಗೆ ಬಂದವನೇ ಹಳೆಯ ಪರದೆಯ ಅಂಚು ಕತ್ತರಿಸಿ, ಬಿಳಿ ಕೊಕ್ಕರೆಯಿದ್ದ ಕರವಸ್ತ್ರದಷ್ಟು ನೀಲಿ ಪರದೆಯೊಂದನ್ನು ನನ್ನ ಕೈಯಿಂದ ಹೊಲಿಸಿದ. ನಾನೂ ನನ್ನ ಮದುವೆಯ ಉಡುಪೇನೋ ಎಂಬಂತೆ ಅಚ್ಚುಕಟ್ಟಾಗಿ ಹೊಲಿದುಕೊಟ್ಟೆ. ಎಡವಟ್ಟಾದದ್ದೇ ಅಲ್ಲಿ.

ಚಿತ್ರೀಕರಣಕ್ಕೆ ನಾವಿಬ್ಬರೂ ಹೋದೆವು. ಒಮ್ಮೆ ತುಳಿದದ್ದನ್ನು ಮತ್ತೆ ತುಳಿಯಲಾಗದು, ಆದ್ದರಿಂದ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ನಿರ್ದೇಶಕ ಇಶಿದೊ “ಹೂಂ, ನಡಿ” ಎಂದ. ದೈತ್ಯ ಬ್ಯಾಂಕು ತುಳಿದ, ಪೊಲೀಸ್ ಠಾಣೆ ತುಳಿದ, ಟ್ರಾಮ್ ಎತ್ತಿ ಎಸೆದ. ಪಕ್ಕದಲ್ಲಿ ಅಪ್ಪ “ಬಂದ, ಬಂದ” ಎಂದು ಗುನುಗುತ್ತಿದ್ದ.

ದೈತ್ಯ ನಮ್ಮ ಬಾಗಿಲಿಗೆ ಬಂದ. ಫ್ಯಾನಿನ ಗಾಳಿಗೆ ನೀಲಿ ಪರದೆ ಆಡಿತು. ದೈತ್ಯ ನಿಂತ. ಒಂಟಿಗಾಲಲ್ಲಿ ನಿಂತು ಎಡಗಾಲು ಒದರಿದ. ಆಮೇಲೆ ಬಲಗಾಲು ಒದರಿದ. ಆಮೇಲೆ ಆ ಕೊಂಬಿನ ತಲೆಯನ್ನು ಪರದೆಯ ಮುಂದೆ ಬಗ್ಗಿಸಿದ. ಒಳಗೆ ಹೋಗಲು ಜಾಗವಿಲ್ಲವೆಂದು ಆಗ ಅರಿವಾಗಿರಬೇಕು, ಗಾಬರಿಯಾಗಿ ನಮ್ಮ ಮನೆಯನ್ನು ಬಳಸಿಕೊಂಡು ಹಳಿ ದಾಟಿದವನೇ ಒಂದೇ ಒದೆತಕ್ಕೆ ಹಿಕೊಜೊನ ಹೊಗೆಗೊಳವೆ ಉರುಳಿಸಿದ.

“ಕಟ್,” ಎಂದ ಇಶಿದೊ. “ಕೊಕ್ಕರೆ ಮನೆ ಇನ್ನೂ ನಿಂತಿದೆಯಲ್ಲ, ಅದೊಂದನ್ನ ಇನ್ನೊಂದ್ಸಲ ತೆಗೆಯೋಣ.”

ಅಪ್ಪನಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಸೆಕೆಗೆ ತಲೆ ತಿರುಗಿದ ಗೆಂಪೇ ಹಿಂದಕ್ಕೆ ತಡಕಾಡುತ್ತಾ ಬಂದು, ಕೈಗೆ ಏನೋ ಸಿಕ್ಕಿತೆಂದು ಅದರ ಮೇಲೆ ಕೂತುಬಿಟ್ಟ. ಕೂತದ್ದು ನಮ್ಮ ಬಿಸಿನೀರಮನೆಯ ಮೇಲೆ. ಹೆಂಚು, ಹೊಗೆಗೊಳವೆ, ಕೊಕ್ಕರೆ, ಎಲ್ಲ ಹಪ್ಪಳ. ಕ್ಯಾಮೆರಾ ಆಗಲೇ ನಿಂತಿತ್ತು, ಇದ್ಯಾವುದೂ ಚಿತ್ರಕ್ಕೆ ಸಿಗಲಿಲ್ಲ.

ಅಪ್ಪ ಎದ್ದು ಮನೆಗೆ ನಡೆದ.

“ಊರು ಮತ್ತೆ ಕಟ್ಟೋಕೆ ನನ್ನ ಕೈಲಾಗಲ್ಲ, ಇರೋದನ್ನೇ ಹಾಕಿ,” ಎಂದ ಇಶಿದೊ. ಚಿತ್ರ ಬಂದಾಗ ದೈತ್ಯ ಕಾಲು ಒದರಿದ ಕೂಡಲೇ ಇಡೀ ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಿಂದ ಹಿಕೊಜೊ ತಿರುಗಿದ. “ಇಸಾಬುರೊ, ಪಾಪ, ದೈತ್ಯನಿಗೂ ನಿನ್ನ ನೀರು ಬೇಡವಾಯ್ತಲ್ಲೋ.” ಅಪ್ಪ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ. ನಾನು ದಾರಿಯುದ್ದಕ್ಕೂ ಅತ್ತೆ. ಕರವಸ್ತ್ರದಷ್ಟು ಪರದೆಯೊಂದರ ದೆಸೆಯಿಂದ ಮದುವೆ ತಪ್ಪಿದವಳು ಈ ಜಪಾನಿನಲ್ಲಿ ನಾನೊಬ್ಬಳೇ ಇರಬೇಕು.

ಮರುದಿನ ಸಂಜೆ ಗೆಂಪೇ ಕ್ಷಮೆ ಕೇಳಲು ಕಲ್ಲಂಗಡಿ ಹಿಡಿದು ಬಂದ. ಒಳಗೆ ಬರುವ ಧೈರ್ಯವಿಲ್ಲದೆ ಬಾಗಿಲ ಪಕ್ಕದಲ್ಲೇ ನಿಂತ. ಅಂದು ಗಲ್ಲಾದ ಮೇಲೆ ಅಪ್ಪನೇ ಕೂತಿದ್ದ, ಮುಖ ಸುಟ್ಟ ಬದನೆಕಾಯಿ.

ಮೊದಲು ಮೀನಂಗಡಿಯವನು ಬಂದ. ಬಾಗಿಲಲ್ಲಿ ಒಂಟಿಗಾಲಲ್ಲಿ ನಿಂತು ಎಡಗಾಲು ಒದರಿದ, ಬಲಗಾಲು ಒದರಿದ, ಒಮ್ಮೆ ಘರ್ಜಿಸಿ ತಲೆ ಬಗ್ಗಿಸಿ ಒಳಗೆ ಬಂದ. ಅವನ ಹಿಂದೆ ಟ್ರಾಮ್ ಓಡಿಸುವವರು, ಅದೇ ರೀತಿ. ಹೆಂಗಸರ ಬಾಗಿಲಲ್ಲಿ ನಮ್ಮ ಬೀದಿಯ ಮುದಿ ಸೂಲಗಿತ್ತಿ ಘರ್ಜಿಸಿದ್ದು ಎಲ್ಲರಿಗಿಂತ ಜೋರಾಗಿತ್ತು. ಹಳಿಯ ಆಚೆಯವರೂ ಬಂದರು. ಚಪ್ಪಲಿಗೂಡು ತುಂಬಿ ನೆಲದ ಮೇಲೂ ಚಪ್ಪಲಿ.

ಅಪ್ಪ ಬಹಳ ಹೊತ್ತು ಆ ಚಪ್ಪಲಿಗಳನ್ನೇ ನೋಡಿದ. ಆಮೇಲೆ ಕೂಗಿದ. “ಏಯ್ ಕಲ್ಲಂಗಡಿ, ಒಳಗೆ ಬಾ.”

ಗೆಂಪೇ ಬಂದವನೇ ಹಣೆ ನೆಲಕ್ಕೆ ಹಚ್ಚಿದ. “ತಪ್ಪಾಯ್ತು. ತುಳೀಬೇಕು ಅಂತಾನೇ ಬಂದೆ. ಪರದೆ ಕಂಡಿತು, ಕಾಲು ನಿಂತುಬಿಡ್ತು.”

“ಬ್ಯಾಂಕು ತುಳಿದೆ,” ಎಂದ ಅಪ್ಪ. “ಪೊಲೀಸಿನವರನ್ನೂ ಬಿಡಲಿಲ್ಲ. ಹಿಕೊಜೊ ಮನೆಗೆ ಚಪ್ಪಲಿ ಕಾಲಲ್ಲೇ ನುಗ್ಗಿದೆ. ನನ್ನ ಬಾಗಿಲಲ್ಲಿ ಮಾತ್ರ, ಆ ದರಿದ್ರ ಚರ್ಮದೊಳಗಿದ್ದೂ, ಚಪ್ಪಲಿ ಬಿಟ್ಟೆ.” ಅಪ್ಪ ಗಲ್ಲಾದಿಂದ ಕೆಳಗಿಳಿದ. “ಇಂಥವನಿಗೆ ಕೊಡದೆ ಇನ್ಯಾರಿಗೆ ಕೊಡಲಯ್ಯ ಮಗಳನ್ನ?”

ಗೆಂಪೇ ಏಳಲಾರದೆ ಎದ್ದು, ಕೂರಲು ಹಿಂದಕ್ಕೆ ತಡಕಾಡಿದ.

“ಆದ್ರೆ ಕೂರೋ ಮುಂಚೆ,” ಎಂದ ಅಪ್ಪ, “ಹಿಂದೆ ನೋಡೋದು ಕಲಿ.”