ಎಲೆಗಂಟಿದ ಕಾಳು

ಬಳೆಗಳ ಮೇಲೆ ಕೆಂಪು ಬೆಳಕು, ಹುಡುಗಿ ಕೈ ಆಡಿಸಿದಾಗಲೆಲ್ಲ ಹಸಿರು ಬಳೆ ಕಪ್ಪಾಗಿ ಕಾಣುತ್ತದೆ, ಒಲೆಯ ಮುಂದೆ ಕೂತವಳ ಬಳೆಯ ಹಾಗೆ, ಆದರೆ ಇಲ್ಲಿ, ಸಾಗರದ ಬೀಜ ಪರೀಕ್ಷೆಯ ಆಫೀಸಿನಲ್ಲಿ, ಒಲೆಯಿಲ್ಲ, ಹೊಗೆಯಿಲ್ಲ, ಮೇಜಿನ ಮೇಲೊಂದು ತಕ್ಕಡಿ ಪೆಟ್ಟಿಗೆ, ಅದರ ನೆತ್ತಿಗೆ ತಲೆಕೆಳಗಾಗಿ ನೇತುಬಿದ್ದ ದೀಪ, ದೀಪದ ಕೆಳಗೆ ಪುಟ್ಟ ತಟ್ಟೆಯಲ್ಲಿ ದುಗ್ಗಮ್ಮನ ಊರಿನ ಬಿತ್ತನೆ ಭತ್ತ — ಭತ್ತ ಅನ್ನುವ ಹಾಗೂ ಇಲ್ಲ ಈಗ, ತಿರುಗಿಸುವ ಯಂತ್ರಕ್ಕೆ ಹಾಕಿ ತರಿ ಮಾಡಿಬಿಟ್ಟಳಲ್ಲ, ಬಿತ್ತುವ ಕಾಳನ್ನು ಯಾರಾದರೂ ಪುಡಿ ಮಾಡುತ್ತಾರೆಯೇ, ದುಗ್ಗಮ್ಮನ ಹಲ್ಲು ಜುಮ್ಮೆಂದಿತ್ತು. ನೋಡಿ ಅಮ್ಮಾ, ಕಾವಿಗೆ ಕಾಳಿನ ನೀರು ಹೋಗ್ತದೆ, ನೀರು ಹೋದಷ್ಟು ತೂಕ ಇಳೀತದೆ, ನೂರಕ್ಕೆ ಎಷ್ಟು ಇಳೀತು ಅಂತ ಇಲ್ಲಿ ತೋರಿಸ್ತದೆ, ಹದಿಮೂರರ ಒಳಗಿದ್ರೆ ಬಿತ್ತನೆಗೆ, ಮೇಲೆ ಹೋದ್ರೆ ಮಿಲ್ಲಿಗೆ, ಅಂದಳು ವಾಗ್ದೇವಿ — ಹೆಸರು ಕೇಳಿಯೇ ಕೂತಿದ್ದಳು ದುಗ್ಗಮ್ಮ, ಹೆಸರು ಗೊತ್ತಿದ್ದವರ ಹತ್ತಿರ ಅರ್ಧ ಹೆದರಿಕೆ ಕಡಿಮೆ, ಇಲ್ಲೇ ಸಾಗರದ ಹುಡುಗಿ, ಮುಖ ನೋಡಿದರೆ ಕೆಟ್ಟವಳಲ್ಲ. ಇದ್ದದ್ದನ್ನು ತೂಗುವ ತಕ್ಕಡಿ ನೋಡಿದ್ದೇನೆ, ಹೋದದ್ದನ್ನು ತೂಗುವುದು ಇದೇ ಮೊದಲು, ಮನೆಗೆ ಹೋಗಿ ಸೊಸೆ ಶಾಂತಾಗೆ ಹೇಳಬೇಕು, ನಗುತ್ತಾಳೆ — ನಗುವ ಹಾಗಾದರೆ. ಮುಳ್ಳು ಗೆರೆ ಬಿಟ್ಟು ಸರಿಯುತ್ತದೆ, ಹುಡುಗಿ ಗುಂಡಿ ತಿರುಗಿಸಿ ಮುಳ್ಳನ್ನು ಗೆರೆಗೆ ತರುತ್ತಾಳೆ, ಅದು ಮತ್ತೆ ಸರಿಯುತ್ತದೆ, ಕಟ್ಟಿಹಾಕಿದಷ್ಟೂ ಬಿಚ್ಚಿಕೊಂಡು ಹೋಗುವ ಕರುವಿನ ಹಾಗೆ. ಹದಿಮೂರರ ಒಳಗೆ ಬಂದೇ ಬರುತ್ತದೆ, ಯಾಕೆ ಬರುವುದಿಲ್ಲ, ಮೊನ್ನೆ ತಾನೇ ಚೀಲ ಕಟ್ಟುವ ಮೊದಲು ಕಾಳು ಬಾಯಿಗೆ ಹಾಕಿ ಕಡಿದು ನೋಡಿದ್ದೆನಲ್ಲ, ಕಟ್ ಅಂದಿತ್ತು, ಒಂದೇ ಕಟ್, ಹಸಿ ಕಾಳು ಹಾಗೆ ಅನ್ನುವುದಿಲ್ಲ, ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಆರು ಮನೆಯ ಗದ್ದೆ, ಆರು ಮನೆಯ ಚೀಲ, ಎಲ್ಲ ದುಗ್ಗಮ್ಮನ ಜಗಲಿಯ ಮೇಲೇ ಇವೆ, ಹೊಸ ತಳಿ, ಬಿತ್ತನೆಗೆಂದೇ ಬೆಳೆಸಿದ್ದು, ಈ ತಳಿಯ ಮಾತು ಊರಿಗೆ ತಂದವಳು ಶಾಂತಾ, ಮನೆಮನೆಗೆ ಹೋಗಿ ಒಪ್ಪಿಸಿದವಳು ಅವಳೇ, ಸೊಸೆ ಮಾತು ಕೇಳಿ ನಾಟಿ ಮಾಡಾಕೆ ನಮಗೇನ್ ಹುಚ್ಚಾ ದುಗ್ಗಕ್ಕಾ ಅಂದಿದ್ದ ಬೇಲಿಯಾಚೆಯ ಮಂಜುನಾಥಪ್ಪ, ಅಂದವನೇ ಆಮೇಲೆ ಎಲ್ಲರಿಗಿಂತ ಹೆಚ್ಚು ನೆಟ್ಟ, ಈಗ ಮಿಲ್ಲಿಗೆ ಅಂತಾದರೆ ಅವನ ನಾಲಿಗೆಗೆ ಯಾರು ಕಡಿವಾಣ ಹಾಕಬೇಕು, ಮುಂದಿನ ವರ್ಷ ಶಾಂತಾ ಬಾಯಿ ತೆರೆದರೆ ನಾಯಿಯೂ ಕಿವಿ ಕೊಡುವುದಿಲ್ಲ.

ಹುರಿದ ವಾಸನೆ ಬರುತ್ತಿದೆ, ಅರಳು ಹುರಿದ ಹಾಗೆ, ಅಲ್ಲ, ಇನ್ನೂ ಒಣ ವಾಸನೆ, ಅಂಗಳದ ವಾಸನೆ — ಮೋಡ ಕಟ್ಟಿದ ದಿನ ಶಾಂತಾ ಅಂಗಳದ ತುಂಬ ಓಡಾಡಿ ಭತ್ತ ಬಳಿದು ಒಳಗೆ ಹಾಕಿದ್ದಳು, ಬಿಸಿಲು ಬಂತೆಂದರೆ ಮತ್ತೆ ಹರಡಿದ್ದಳು, ಕಾಲಿನಲ್ಲಿ ಸಾಲು ಬಿಡಿಸಿ ಬಿಡಿಸಿ ಹಿಮ್ಮಡಿ ಒಡೆದುಕೊಂಡಿದ್ದಳು, ಬೆವರಿನ ಹಣೆಗೆ ಒಂದು ಕಾಳು ಅಂಟಿಕೊಂಡಿತ್ತು, ಕುಂಕುಮದ ಪಕ್ಕದಲ್ಲೇ, ಒರೆಸ್ಕಳೇ ಅಂದರೆ ಕೈ ಬಿಡುವಿಲ್ಲ ಅತ್ತೆಮ್ಮ ಅಂದಳು. ಸೊಸೆಯ ಬಗ್ಗೆ ಹೇಳಬೇಕಾದ್ದು ಬೇಕಾದಷ್ಟಿದೆ, ಸಾರಿಗೆ ಉಪ್ಪು ಮರೆಯುತ್ತಾಳೆ, ಎದುರು ಮಾತು ಆಡುತ್ತಾಳೆ, ಆದರೆ ಮೈಗಳ್ಳಿ ಅಂತ ಮಾತ್ರ ಹೇಳುವ ಹಾಗಿಲ್ಲ. ಇವತ್ತು ಬೆಳಿಗ್ಗೆ ಹಾಲುಪುಡಿಯ ಖಾಲಿ ಡಬ್ಬಿಗೆ ಒಂದೊಂದು ಚೀಲದಿಂದ ಒಂದೊಂದು ಹಿಡಿ ತುಂಬಿ, ಮುಚ್ಚಳ ಬಿಗಿದು, ಅತ್ತೆಮ್ಮ, ಸಾಗರಕ್ಕೆ ಮುಟ್ಟಾತಂಕ ಇದರ ಮುಚ್ಚಳ ಮಾತ್ರ ತೆಗಿಬ್ಯಾಡಿ ಅಂದಿದ್ದಳು. ಆಯ್ತು ಕಣೇ, ನಾನೇನ್ ಸಣ್ಣ ಕೂಸಾ. ತಾನೇ ಬರಬಹುದಿತ್ತು ಶಾಂತಾ, ಕೂಸಿಗೆ ಜ್ವರ. ಹುಡುಗಿ ಗುಂಡಿ ತಿರುಗಿಸುತ್ತಾಳೆ, ಮುಳ್ಳು ಸರಿಯುತ್ತದೆ, ಇದೆಂತದು ನಿಲ್ತಾ ಇಲ್ಲೆ ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ, ಎಷ್ಟಾಯ್ತು ಮಗಾ, ಹದಿನಾಲ್ಕು ದಾಟ್ತು ಅಮ್ಮಾ, ಇನ್ನೂ ಹೋಗ್ತಾ ಉಂಟು. ಹದಿನಾಲ್ಕು. ಕಟ್ ಅಂದಿತ್ತಲ್ಲ, ಈ ಹಲ್ಲು ಸುಳ್ಳು ಹೇಳಿತೇ, ನನ್ನ ಅತ್ತೆಯ ಕಾಲದಿಂದ ಹಲ್ಲಿನಲ್ಲೇ ನೋಡಿದ್ದು, ಬಾಯಿ ಒಣಗಿ ಬಂತು, ಒಂದು ಎಲೆ ಹಾಕಿದರೆ ಜೀವ ತಡೆದೀತು, ಆಫೀಸಿನಲ್ಲಿ ಎಲೆ ಹಾಕಬಾರದು, ಸುಮ್ಮನೆ ಮುಟ್ಟಿ ನೋಡಿದರೆ ಯಾರೂ ಏನೂ ಅನ್ನುವುದಿಲ್ಲ, ಸೊಂಟದ ಸಂಚಿಗೆ ಬೆರಳು ಹಾಕಿದಳು, ಎಲೆ ತಣ್ಣಗಿತ್ತು, ಎಲೆಯ ಮೇಲೆ ಏನೋ ಗಟ್ಟಿ, ಚೂಪು ತುದಿ, ಉಗುರಿಗೆ ತಾಗಿತು.

ಒಂದು ಕಾಳು. ಸಂಚಿಯ ಬಾಯಿ ತುಸು ಅಗಲಿಸಿ ನೋಡಿದಳು, ಬಾಡದಿರಲೆಂದು ಬೆಳಿಗ್ಗೆ ನೀರು ಚಿಮುಕಿಸಿದ ಎಲೆ, ಅದರ ಬೆನ್ನಿಗೆ ಅಂಟಿಕೊಂಡು ಒಂದು ಭತ್ತದ ಕಾಳು, ಮೈಯೆಲ್ಲ ಒದ್ದೆ, ಹೊಟ್ಟು ಮೆತ್ತಗೆ. ಅಯ್ಯೋ ದೇವರೇ. ಶಾಂತಾ ಕಣ್ಣಿಗೆ ಮರೆಯಾದದ್ದೇ ಬಸ್ಸಿನಲ್ಲಿ ಡಬ್ಬಿ ಬಿಚ್ಚಿದ್ದು ಯಾರು, ನಾನೇ, ನಮ್ಮ ಮನೆಯಲ್ಲಿ ಬಿತ್ತನೆ ಕಾಳು ಹೊಸಿಲು ದಾಟಿದರೆ ಎಲೆಯಡಿಕೆಯ ಜೊತೆಗೇ ದಾಟಬೇಕು, ಬರಿದೇ ಕಳಿಸಬಾರದು, ಮಗಳನ್ನು ಬರಿಗೈಯಲ್ಲಿ ಕಳಿಸಿದ ಹಾಗೆ, ಅದೂ ಖಾಲಿ ಡಬ್ಬಿಯಲ್ಲಿ, ಶಾಂತಾಗೆ ಹೇಳಿದರೆ ನಗುತ್ತಾಳೆ ಅಂತ ಹೇಳದೆ, ಕಾಳೆಲ್ಲ ಸಂಚಿಗೆ ಸುರಿದು, ಎಲೆಯ ನಡುವೆ ಇಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಸನಗರದಲ್ಲಿ ಬಸ್ಸು ಬದಲಿಸಿ, ಮೈ ಕಾವು, ಬೆವರು, ನೀರಿನ ಎಲೆ, ಸಾಗರದ ಸ್ಟ್ಯಾಂಡಿನಲ್ಲಿ ಇಳಿದು ಮತ್ತೆ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದದ್ದು, ಯಾರೂ ನೋಡಲಿಲ್ಲ ಅಂತ ಸಮಾಧಾನ ಪಟ್ಟದ್ದು. ನೀರಿನ ಕೊಡದ ಪಕ್ಕ ಹಪ್ಪಳ ಇಟ್ಟರೆ ಹೊತ್ತು ಮುಳುಗುವುದರೊಳಗೆ ನಾರಾಗುತ್ತದೆ, ಮುಚ್ಚಳ ತೆರೆದಿಟ್ಟರೆ ಉಪ್ಪು ಅಳುತ್ತದೆ, ಇಷ್ಟು ಗೊತ್ತಿದ್ದೂ ಗೊತ್ತಿದ್ದೂ — ಕಾಳಿಗೆ ಹೊಟ್ಟು ಇದೆ, ಅಂಗಿ ತೊಟ್ಟಿದೆ ಅಂದುಕೊಂಡೆನೇ. ನಿಂತಿತು ಅಂದಳು ವಾಗ್ದೇವಿ, ಹದಿನಾರೂವರೆ, ಅಮ್ಮಾ ಇದು ಬಿತ್ತನೆಗೆ ಆಗುವುದಿಲ್ಲ, ಒಣಗಿಸಿದ್ದು ಯಾರು?

ಸೊಸೆ. ಮಾತು ತಾನಾಗಿ ಬಾಯಿಂದ ಬಿದ್ದಿತ್ತು, ನಿಜವೇ ತಾನೇ, ಒಣಗಿಸಿದ್ದು ಸೊಸೆಯೇ. ಹೌದಾ, ಅವರಿಗೆ ಹೇಳಿ, ಸರಿಯಾಗಿ ಒಣಗಿಸ್ಲಿಲ್ಲ ಅಂತ, ಈ ಮಾದರಿ ಕಾಳು ಮಾತ್ರ ಕೆಟ್ಟಿದ್ರೆ ನಾವೇ ಬಂದು ಚೀಲದಿಂದ ಬೇರೆ ತೆಗೆದು ನೋಡ್ತಿದ್ವಿ, ಡಬ್ಬಿ ಮುಚ್ಚಳ ದಾರಿಯಲ್ಲಿ ತೆಗ್ದಿರ್ಲಿಲ್ಲ ಅಲ್ವಾ? ಕೇಳಿ ಪೆನ್ನು ಹಿಡಿದು ಕಾದಳು. ಇಲ್ಲ ಅಂದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ, ಹೌದು ಅಂದರೆ ತೀರ್ಥಹಳ್ಳಿಯವರೆಗೂ ನಗೆ, ದುಗ್ಗಮ್ಮ ಭತ್ತಕ್ಕೆ ಎಲೆಯಡಿಕೆ ಹಾಕ್ಸಿ ಸಾಗರ ತೋರ್ಸಿದ್ಲಂತೆ, ಮಂಜುನಾಥಪ್ಪನಿಗೆ ಸಾಯುವ ತನಕ ಸಾಕು ಆ ಮಾತು. ನಕ್ಕರೆ ನಗಲಿ ಅನ್ನುವ ಧೈರ್ಯ ಎಲ್ಲಿಂದ ತರುವುದು — ತಾನು ಮದುವೆಯಾಗಿ ಬಂದ ದಿನ, ಕಾಲು ತೊಳೆಸಿ ಹೊಸಿಲ ಮೇಲಿನ ಭತ್ತದ ಸೇರು ಒದೆಸಿದ್ದರು, ಒದ್ದೆ ಪಾದಕ್ಕೆ ಒಂದು ಕಾಳು ಅಂಟಿತ್ತು, ತಿಳಿಯದೆ ಹಿತ್ತಿಲ ಬಾಗಿಲು ದಾಟಿದ್ದಳು, ಅಷ್ಟೇ, ಆಮೇಲೆ ಗದ್ದೆಗೆ ಬೆಂಕಿರೋಗ ಬಂದರೂ ಆ ಕಾಳು, ಎಮ್ಮೆ ಕಂದು ಹಾಕಿದರೂ ಆ ಕಾಳು, ಮನೆಯ ಲಕ್ಷ್ಮೀನ ಕಾಲಾಗೆ ಅಂಟಿಸ್ಕಂಡು ಆಚೆ ಹಾಕಿದೋಳು ಇವಳೇ ಅಂತ ಅತ್ತೆ ಹಾಸಿಗೆ ಹಿಡಿದ ಮೇಲೂ ಬಂದವರಿಗೆಲ್ಲ ಹೇಳಿದ್ದಳು, ಒಂದೇ ಒಂದು ಕಾಳು, ಜೀವಮಾನವಿಡೀ ಕಾಲಿನಿಂದ ಬೀಳಲಿಲ್ಲ. ಈಗ ಶಾಂತಾಗೆ. ಬೆವರಿನ ಹಣೆಗೆ. ಪೆನ್ನಿನ ತುದಿ ಕಾಗದಕ್ಕೆ ಮುಟ್ಟಿತು, ತಡಿ ಮಗಾ, ಅಂದಳು ದುಗ್ಗಮ್ಮ, ತಡಿ, ಸಂಚಿಯಿಂದ ಎಲೆ ಎಳೆದು ಅಂಗೈಯಲ್ಲಿ ಹರಡಿ ದೀಪದ ಕೆಳಗೆ ಚಾಚಿದಳು. ಅಯ್ಯೋ ಈಗ ವೀಳ್ಯ ಎಂತಕ್ಕೆ ಅಮ್ಮಾ, ನಾನು ಎಲೆ ಹಾಕೂದಿಲ್ಲ. ತಿನ್ನಾಕಲ್ಲ ಕಣಮ್ಮ, ಎಲೆ ಬಿಡು, ಎಲೆ ಮ್ಯಾಲೆ ನೋಡು. ಹುಡುಗಿ ಬಗ್ಗಿದಳು. ಕೆಂಪು ಬೆಳಕು, ಒದ್ದೆ ಎಲೆ, ಎಲೆಯ ಮೇಲೆ ಕಾಳು, ಬೀಳದೆ, ಅಲ್ಲೇ, ಒಂದು ಕಾಳು.